ಅಟ್ಟದ ಮೇಲಿನ ಸೈಕಲ್ಲಿಗೆ ಬೆಲೆ ಕಟ್ಟುವ ಬಗೆ

ಅಂಗಳದ ಚಪ್ಪರ ಬಿಚ್ಚಿ, ಮಳೆಗಾಲಕ್ಕೆ ಕಟ್ಟಿಗೆ ಒಟ್ಟಿ, ಅಟ್ಟ ಗುಡಿಸುವ ಹೊತ್ತಿಗೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಹಳ್ಳಿಗಳಲ್ಲಿ ಗುಜರಿಯವರ ಗಾಡಿ ಓಡಾಡತೊಡಗುತ್ತದೆ. ಒಡೆದ ಹಂಡೆ, ತೂತುಬಿದ್ದ ಕೊಪ್ಪರಿಗೆ, ಕೆಟ್ಟ ಪಂಪ್‌ಸೆಟ್ಟಿನ ಜೊತೆ ಅಜ್ಜಯ್ಯನ ಸೈಕಲ್ಲೂ ಅಟ್ಟದಿಂದ ಇಳಿಯುತ್ತದೆ. ‘ಯಾರೂ ಹತ್ತೋರಿಲ್ಲ, ಸುಮ್ಮನೆ ಜಾಗ ತಿಂತದೆ’ ಎನ್ನುತ್ತಾರೆ ಮನೆಯವರು. ಸುಮಾರು ಇಪ್ಪತ್ತು ಕಿಲೋ ಕಬ್ಬಿಣ. ತಕ್ಕಡಿ ಹೇಳಿದ ದುಡ್ಡು ಕೈಗೆ ಬರುತ್ತದೆ, ಗಾಡಿ ಮುಂದಿನ ಮನೆಗೆ ಹೋಗುತ್ತದೆ.

ಆ ಸೈಕಲ್ಲು ನಾಟಿಂಗ್‌ಹ್ಯಾಮಿನಲ್ಲೋ ಬರ್ಮಿಂಗ್‌ಹ್ಯಾಮಿನಲ್ಲೋ ತಯಾರಾಗಿ, ಹಡಗಿನಲ್ಲಿ ಬಂದು, ಘಟ್ಟ ಹತ್ತಿದ್ದಿರಬಹುದು. ಸೀಟು, ದೀಪ, ಗಂಟೆ, ಹಲ್ಲಿನ ಚಕ್ರ ಎಲ್ಲ ಹುಟ್ಟಿದಾಗಿನವೇ ಆಗಿದ್ದರೆ ಅದನ್ನು ಹುಡುಕಿಕೊಂಡು ಬರುವ ಸಂಗ್ರಾಹಕರಿದ್ದಾರೆ. ಹಾಗೆಂದು ಹಳೆಯದೆಲ್ಲ ಬೆಲೆಬಾಳುವುದೂ ಇಲ್ಲ. ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾದ, ಹತ್ತು ಕಡೆ ಬೆಸುಗೆ ಹಾಕಿಸಿಕೊಂಡ ಸೈಕಲ್ಲಿಗೆ ಗುಜರಿಯ ಬೆಲೆಯೇ ಸರಿಯಿರಬಹುದು. ಎರಡರ ನಡುವಿನ ವ್ಯತ್ಯಾಸ ತಿಳಿಯಲು ಒಂದು ಒಳ್ಳೆಯ ಬೆಳಕು, ಒಂದು ಒಣಬಟ್ಟೆ, ಒಂದು ಗಂಟೆಯ ತಾಳ್ಮೆ ಸಾಕು.

ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಯಾರು ಮಾಡಿದ್ದು? ಯಾವಾಗ ಮಾಡಿದ್ದು? ಎಷ್ಟು ಭಾಗ ಮೊದಲಿನಂತೆಯೇ ಉಳಿದಿದೆ? ಯಾರು ಓಡಿಸಿದ್ದು? ಮೊದಲ ಮೂರಕ್ಕೆ ಸೈಕಲ್ಲೇ ಉತ್ತರ ಹೇಳುತ್ತದೆ. ನಾಲ್ಕನೆಯದಕ್ಕೆ ಮನೆಯ ಹಿರಿಯರು ಮಾತ್ರ ಉತ್ತರಿಸಬಲ್ಲರು. ನಮ್ಮ ಮಲೆನಾಡಿನಲ್ಲಿ ಕಳೆದುಹೋಗುತ್ತಿರುವುದು ಈ ನಾಲ್ಕನೆಯ ಉತ್ತರ.

ಘಟ್ಟ ಹತ್ತಿ ಬಂದ ಗಾಡಿ

ಎರಡೂ ಚಕ್ರ ಸಮನಾಗಿರುವ, ಹಿಂದಿನ ಚಕ್ರಕ್ಕೆ ಚೈನು ಹಾಕಿದ ಈಗಿನ ರೂಪದ ಸೈಕಲ್ಲು 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ನಿಂದ ನೆಲೆಯೂರಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರು ತಂದ. ಆಮೇಲೆ ಕೆಲವೇ ವರ್ಷಗಳಲ್ಲಿ ಪಾದ್ರಿಗಳು, ಅಧಿಕಾರಿಗಳು, ತೋಟದ ಸಾಹೇಬರು ಅದನ್ನು ಇಲ್ಲಿಗೂ ತಂದರು. ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಹತ್ತೊಂಬತ್ತನೆಯ ಶತಮಾನದ ಕೊನೆಯ ತೀರ್ಥಹಳ್ಳಿ, ಮೇಗರವಳ್ಳಿ ಸೀಮೆಯ ಕಾದಂಬರಿ. ಅದರಲ್ಲಿ ಪಾದ್ರಿಯ ಬೈಸಿಕಲ್ಲು ಇಡೀ ಸೀಮೆಗೆ ಬೆರಗಾಗಿ ಕಾಣುತ್ತದೆ. ಕೊಪ್ಪದ ಗಡಿ ದಾಟಿದರೆ ಅದೇ ಸೀಮೆ.

ಶೃಂಗೇರಿಗೆ ಇವತ್ತಿಗೂ ರೈಲಿಲ್ಲ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಪುಟ್ಟ ಹಳಿಯ ಟ್ರಾಮ್ ರೈಲು ಓಡುತ್ತಿತ್ತು. ಅದೂ ನಿಂತಿತು. ಬಸ್ಸು ವಿರಳವಾಗಿದ್ದ ದಿನಗಳಲ್ಲಿ ಅಂಚೆಯವರು, ಶಾಲೆಯ ಮೇಷ್ಟ್ರು, ಊರೂರಿಗೆ ಹೋಗಬೇಕಾದ ಪುರೋಹಿತರು, ಅಡಿಕೆ ಮಂಡಿಯ ಗುಮಾಸ್ತರು, ಕಾಂಪೌಂಡರುಗಳು ನಂಬಿದ್ದು ಸೈಕಲ್ಲನ್ನು. ಏರಿನಲ್ಲಿ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಎರಡೂ ಬ್ರೇಕು ಬಿಗಿಹಿಡಿದು ಬಿಡುವುದು. ಇದೇ ಮಲೆನಾಡಿನ ಸವಾರಿ.

ಬೆಲೆ ಕಟ್ಟುವಾಗ ಈ ಭೂಗೋಳ ಲೆಕ್ಕಕ್ಕೆ ಬರುತ್ತದೆ. ಹಳೆಯ ಸೈಕಲ್ಲುಗಳ ಕಂಬಿ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು, ಅಂದರೆ ಸ್ಪೋಕ್ಸ್ ಕಡ್ಡಿ ಹೊರಡುವ ಕಡೆಯನ್ನು ಒತ್ತುತ್ತದೆ. ಘಟ್ಟದ ಇಳಿಜಾರು ಕಂಡ ಸೈಕಲ್ಲಿನಲ್ಲಿ ಆ ಜಾಗದ ಹೊಳಪು ಸವೆದಿರುತ್ತದೆ. ಇಲ್ಲಿ ರಿಮ್ಮು ಹೊಳೆಯುತ್ತಿದ್ದರೆ ಎರಡರಲ್ಲೊಂದು: ಸೈಕಲ್ಲು ಹೆಚ್ಚು ಓಡಿಲ್ಲ, ಇಲ್ಲವೇ ರಿಮ್ಮು ಬದಲಾಗಿದೆ. ಬಯಲುಸೀಮೆಯ ಸೈಕಲ್ಲಿನಲ್ಲಿ ಈ ಸುಳಿವು ಇಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ.

ಮೊದಲು ಹೆಸರು, ಆಮೇಲೆ ಹುಟ್ಟಿದೂರು

ಹ್ಯಾಂಡಲ್ಲಿನ ಕೆಳಗೆ, ಚೌಕಟ್ಟಿನ ಹಣೆಯ ಮೇಲಿರುವ ಲಾಂಛನವನ್ನು ಮೊದಲು ನೋಡಿ. ಅದು ಬಿದ್ದುಹೋಗಿದ್ದರೆ ಪೆಡಲಿನ ಪಕ್ಕದ ಹಲ್ಲಿನ ಚಕ್ರ ನೋಡಿ. ಆ ಕಾಲದ ಕಂಪನಿಗಳು ತಮ್ಮ ಗುರುತನ್ನು ಉಕ್ಕಿನಲ್ಲೇ ಕೊರೆದಿಡುತ್ತಿದ್ದವು. ರ‍್ಯಾಲಿಯ ಚಕ್ರದಲ್ಲಿ ಕೊಕ್ಕರೆಯ ತಲೆಗಳಿರುತ್ತವೆ. ಹಂಬರಿನದರಲ್ಲಿ ಪುಟ್ಟ ಮನುಷ್ಯಾಕೃತಿಗಳು, ರಡ್ಜ್‌ನದರಲ್ಲಿ ತೆರೆದ ಅಂಗೈ, ಬಿಎಸ್‌ಎಯದರಲ್ಲಿ ಆ ಮೂರು ಅಕ್ಷರಗಳು. ಬಿಎಸ್‌ಎ ಮೂಲತಃ ಬಂದೂಕು ತಯಾರಿಸುತ್ತಿದ್ದ ಬರ್ಮಿಂಗ್‌ಹ್ಯಾಮಿನ ಕಂಪನಿ. ಅದರ ಲಾಂಛನದಲ್ಲಿ ಒಂದಕ್ಕೊಂದು ಒರಗಿಸಿಟ್ಟ ಮೂರು ಬಂದೂಕುಗಳಿವೆ. ಹಂಬರಿನ ಮೇಲ್ದರ್ಜೆಯ ಮಾದರಿಗಳಲ್ಲಿ ಮುಂದಿನ ಫೋರ್ಕಿನ ಪ್ರತಿ ಕಾಲೂ ಎರಡೆರಡು ತೆಳು ಕೊಳವೆಗಳಿಂದ ಆಗಿರುತ್ತದೆ. ದೂರದಿಂದಲೇ ಗುರುತು ಹಿಡಿಯಬಹುದು. ಸನ್‌ಬೀಮಿನ ಹೆಸರು ನಿಂತಿರುವುದು ಅದರ ಚೈನ್ ಕವರಿನ ಮೇಲೆ. ಚೈನು ಸದಾ ಎಣ್ಣೆಯಲ್ಲಿ ಓಡುವಂತೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಅದು.

ಹೆಸರು ಸಿಕ್ಕಿತೆಂದು ಬೆಲೆ ನಿಗದಿ ಮಾಡಬೇಡಿ. ಒಂದೇ ಹೆಸರು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಕೈಯಲ್ಲಿತ್ತು. ಹಂಬರ್ ಸೈಕಲ್ ವ್ಯವಹಾರವನ್ನು ರ‍್ಯಾಲಿ 1932ರಲ್ಲಿ ಕೊಂಡಿತು. ರಡ್ಜ್ 1943ರಲ್ಲಿ ಅದೇ ಮನೆ ಸೇರಿತು. ಅದೇ 1943ರಲ್ಲಿ ಸನ್‌ಬೀಮ್ ಬಿಎಸ್‌ಎ ಪಾಲಾಯಿತು. 1957ರಲ್ಲಿ ಬಿಎಸ್‌ಎಯ ಸೈಕಲ್ ವಿಭಾಗವೂ ರ‍್ಯಾಲಿಗೆ ಹೋಯಿತು. ಹೀಗಾಗಿ 1950ರ ದಶಕದ ಹಂಬರ್ ಮತ್ತು ರಡ್ಜ್ ಎರಡೂ ರ‍್ಯಾಲಿಯ ನಾಟಿಂಗ್‌ಹ್ಯಾಮ್ ಕಾರ್ಖಾನೆಯಿಂದಲೇ ಹೊರಬಂದವು. ಸ್ವಂತ ಕಾರ್ಖಾನೆಯ ಕಾಲದ ಹಂಬರಿಗೆ ಸಂಗ್ರಾಹಕರು ಕೊಡುವ ಮರ್ಯಾದೆಯೇ ಬೇರೆ.

ನಮ್ಮ ಅಟ್ಟಗಳಲ್ಲಿ ಸಿಗುವ ಸೈಕಲ್ಲುಗಳ ಮಟ್ಟಿಗೆ ಇನ್ನೂ ಮುಖ್ಯವಾದ ಗೆರೆಯೊಂದಿದೆ: ಇಂಗ್ಲೆಂಡಿನದೋ, ಇಲ್ಲಿಯದೋ? ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಟಿಐ ಸೈಕಲ್ಸ್ ಶುರುವಾಗಿ ಹರ್ಕ್ಯುಲಿಸ್, ಫಿಲಿಪ್ಸ್, ಬಿಎಸ್‌ಎ ಹೆಸರುಗಳನ್ನು ಇಲ್ಲಿಯೇ ತಯಾರಿಸತೊಡಗಿತು. 1950ರ ದಶಕದಲ್ಲಿ ಬಂಗಾಳದ ಆಸನ್‌ಸೋಲಿನಲ್ಲಿ ಸೆನ್–ರ‍್ಯಾಲಿ ಕಾರ್ಖಾನೆ ರ‍್ಯಾಲಿ, ಹಂಬರ್, ರಡ್ಜ್, ರಾಬಿನ್ ಹುಡ್ ಸೈಕಲ್ಲುಗಳನ್ನು ಹೊರತಂದಿತು. ಮುಂದೆ ಸರ್ಕಾರ ಅದನ್ನು ವಹಿಸಿಕೊಂಡು ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂದಾಯಿತು. ಸೋನಿಪತ್ತಿನ ಅಟ್ಲಾಸ್ 1951ರದು, ಲೂಧಿಯಾನದ ಹೀರೋ 1956ರದು. ಲಾಂಛನದ ತಳದಲ್ಲಿ, ಸೀಟಿನ ಕೆಳಗಿನ ಕೊಳವೆಯ ಮೇಲೆ, ಗಂಟೆಯ ಅಂಚಿನಲ್ಲಿ ಊರಿನ ಹೆಸರು ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಒಣಬಟ್ಟೆಯಿಂದ ಮೆತ್ತಗೆ ಒರೆಸಿ ಓದಿ. ಇಂಗ್ಲೆಂಡಿನಲ್ಲಿ ತಯಾರಾದದ್ದಕ್ಕೆ ಸಾಮಾನ್ಯವಾಗಿ ಹೆಚ್ಚು ಬೆಲೆ ಸಿಗುತ್ತದೆ. ಆದರೂ ಸ್ವಾತಂತ್ರ್ಯದ ನಂತರದ ಮೊದಲ ವರ್ಷಗಳ ಭಾರತೀಯ ಸೈಕಲ್ಲು, ಬಣ್ಣ, ಚಿತ್ರಪಟ್ಟಿ ಸಮೇತ ಹಾಗೆಯೇ ಉಳಿದಿದ್ದರೆ ಅದನ್ನು ಕಡೆಗಣಿಸಬೇಡಿ. ನಮ್ಮ ಕೈಗಾರಿಕೆಯ ಮೊದಲ ಅಧ್ಯಾಯ ಅದು. ದಿನನಿತ್ಯ ಬಳಕೆಗೆ ಸಿಕ್ಕಿ ಸವೆದುಹೋದದ್ದೇ ಹೆಚ್ಚಾದ್ದರಿಂದ ಹಾಗೇ ಉಳಿದವು ಅಪರೂಪ.

ಇಸವಿ ಹೇಳುವ ಭಾಗಗಳು

‘ಅಜ್ಜಯ್ಯನ ಮದುವೆ ಟೈಮಿಂದು’ ಎನ್ನುವ ಮಾತು ಒಳ್ಳೆಯ ಸುಳಿವು. ಸಾಕ್ಷಿ ಬೇಕಾದರೆ ಲೋಹವನ್ನೇ ಕೇಳಬೇಕು. ಸೀಟು ಕೂರುವ ಜಾಯಿಂಟಿನ ಬಳಿ ಅಥವಾ ಪೆಡಲಿನ ಅಚ್ಚು ಹಾದುಹೋಗುವ ದಪ್ಪ ಕೊಳವೆಯ ಅಡಿಯಲ್ಲಿ ಚೌಕಟ್ಟಿನ ಸಂಖ್ಯೆ ಒತ್ತಿರುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ಫೋಟೊ ತೆಗೆಯಿರಿ. ಸಂಖ್ಯೆಯಿಂದ ಇಸವಿ ತಿಳಿಯುವ ಪಟ್ಟಿಗಳಿವೆ. ಹಲವು ಕಂಪನಿಗಳ ದಾಖಲೆ ಅರ್ಧಂಬರ್ಧ ಉಳಿದಿರುವುದರಿಂದ ಇದೊಂದನ್ನೇ ನಂಬಿ ಕೂರಬಾರದು.

ಹಿಂದಿನ ಚಕ್ರದ ನಡುವೆ ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬು ಇದ್ದರೆ ನಿಮ್ಮ ಕೆಲಸ ಸುಲಭ. ಗೇರೆಲ್ಲ ಹಬ್ಬಿನ ಹೊಟ್ಟೆಯೊಳಗೇ ಇರುವ ಈ ಏರ್ಪಾಟು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಬಂತು. 1936ರಲ್ಲಿ ಬಂದ ‘ಎಡಬ್ಲ್ಯು’ ಮಾದರಿ ದಶಕಗಟ್ಟಲೆ ನಡೆಯಿತು. ಎರಡನೆಯ ಮಹಾಯುದ್ಧದ ನಂತರದ ಹಬ್ಬುಗಳ ಮೈಮೇಲೆ ಮಾದರಿಯ ಹೆಸರಿನ ಪಕ್ಕ ಇಸವಿಯ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ. ಎಷ್ಟೋ ವೇಳೆ ತಿಂಗಳೂ ಇರುತ್ತದೆ. ‘52’ ಎಂದಿದ್ದರೆ 1952. ಆದರೆ ಚಕ್ರ ಬದಲಾಗಿರಬಹುದು ಎಂಬುದನ್ನು ಮರೆಯಬಾರದು. ಹಬ್ಬಿನ ಇಸವಿ ಮತ್ತು ಚೌಕಟ್ಟಿನ ಸಂಖ್ಯೆ ಎರಡೂ ಒಂದೇ ಕಾಲ ಸೂಚಿಸಿದರೆ ಸೈಕಲ್ಲು ನಂಬಿಕಸ್ಥ. ಏರಿಳಿತದ ಮಲೆನಾಡಿನಲ್ಲಿ ಮೂರು ಗೇರಿನ ಸೈಕಲ್ಲು ಅನುಕೂಲಸ್ಥರ ಮನೆಯ ಸೊತ್ತಾಗಿತ್ತು. ಅದು ಕೆಲಸ ಮಾಡುವ ಸ್ಥಿತಿಯಲ್ಲಿದ್ದರೆ ಬೆಲೆ ಒಮ್ಮೆಲೇ ಮೇಲೇರುತ್ತದೆ.

ಹೊಳಪಿನ ಬಣ್ಣವೂ ಕಾಲ ಹೇಳುತ್ತದೆ. ಹ್ಯಾಂಡಲ್ಲು, ಕ್ರ್ಯಾಂಕುಗಳಿಗೆ 1920ರ ದಶಕದ ಕೊನೆಯವರೆಗೂ ನಿಕ್ಕಲ್ ಲೇಪನವೇ ರೂಢಿ. ಅದರ ಹೊಳಪಿನಲ್ಲಿ ನಸುಹಳದಿಯ ಬೆಚ್ಚಗಿನ ಛಾಯೆ ಇರುತ್ತದೆ. ಆಮೇಲೆ ಬಂದ ಕ್ರೋಮಿಯಂ ನೀಲಿ ಮಿಶ್ರಿತ ಬಿಳಿ. ನಿಕ್ಕಲ್ ಲೇಪನದ ಸೈಕಲ್ಲು ಸಿಕ್ಕಿದರೆ ಅದು ತೊಂಬತ್ತು, ನೂರು ವರ್ಷ ಹಳೆಯದಿರುವ ಸಾಧ್ಯತೆ ಇದೆ. ಆಗ ಯಾವುದನ್ನೂ ಉಜ್ಜದೆ, ಬಲ್ಲವರಿಗೆ ತೋರಿಸಿ.

ದೀಪವನ್ನೂ ನೋಡಿ. ಡೈನಮೋ ಬರುವ ಮುಂಚೆ ಎಣ್ಣೆ ದೀಪ, ಕಾರ್ಬೈಡ್ ದೀಪಗಳಿದ್ದವು. ಕಾರ್ಬೈಡ್ ದೀಪದಲ್ಲಿ ಮೇಲಿನ ಪಾತ್ರೆಯಿಂದ ನೀರು ತೊಟ್ಟಿಕ್ಕಿ ಕೆಳಗಿನ ಕಾರ್ಬೈಡಿಗೆ ತಗಲಿದಾಗ ಅಸಿಟಿಲೀನ್ ಅನಿಲ ಹುಟ್ಟಿ ಉರಿಯುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಲೂಕಸ್ ಕಂಪನಿಯ ‘ಕಿಂಗ್ ಆಫ್ ದಿ ರೋಡ್’ ದೀಪಗಳಿಗೆ ಸೈಕಲ್ಲಿನಿಂದ ಬೇರೆಯಾಗಿಯೇ ಸಂಗ್ರಾಹಕರಿದ್ದಾರೆ. ಅಟ್ಟದ ಇನ್ನೊಂದು ಮೂಲೆಯಲ್ಲಿ, ಹಳೆಯ ಟ್ರಂಕಿನಲ್ಲಿ ಅಂಥ ದೀಪವಿದೆಯೇ ಹುಡುಕಿ. ಸೈಕಲ್ಲಿನ ಜೊತೆಗೇ ಅದು ಬಂದಿದ್ದರೆ ಜೊತೆಗೇ ಇರಲಿ.

ಇಡಿಯಾಗಿರುವುದರ ಬೆಲೆ

ಒಂದು ಹಳೆಯ ಸೈಕಲ್ಲಿಗೆ ಮೂರು ಬೆಲೆಗಳಿವೆ. ಓಡಿಸಲು ಎಷ್ಟು ಯೋಗ್ಯ ಎಂಬುದು ಒಂದು. ಬಿಚ್ಚಿ ಮಾರಿದರೆ ಎಷ್ಟು ಎಂಬುದು ಇನ್ನೊಂದು. ಇಡಿಯಾಗಿ ಸಂಗ್ರಹಕ್ಕೆ ಎಷ್ಟು ಎಂಬುದು ಮೂರನೆಯದು. ಬಿಚ್ಚಿ ಮಾರುವ ಆಸೆ ಬಲವಾದದ್ದು. ಬ್ರೂಕ್ಸ್ ಚರ್ಮದ ಸೀಟು, ಲೂಕಸ್ ದೀಪ, ಗೇರಿನ ಹಬ್ಬು, ಲಾಂಛನದ ತಗಡು ಪ್ರತ್ಯೇಕವಾಗಿ ಬೇಗ ಹೋಗುತ್ತವೆ. ಆದರೆ ಹಾಗೆ ಬಿಚ್ಚಿದ ಸೈಕಲ್ಲನ್ನು ಮತ್ತೆ ಕೂಡಿಸಲು ಬರುವುದಿಲ್ಲ. ಪ್ರತಿ ಭಾಗವೂ ಬೇರೆ ಸೈಕಲ್ಲಿನ ರಿಪೇರಿಗೆ ಹೋಗಿರುತ್ತದೆ, ಎಂಬತ್ತು ವರ್ಷ ಒಟ್ಟಿಗಿದ್ದದ್ದು ಚೆಲ್ಲಾಪಿಲ್ಲಿಯಾಗಿರುತ್ತದೆ. ಇಡಿಯಾಗಿ ಕೊಳ್ಳುವವರು ಸಿಗುವವರೆಗೆ ಕಾಯುವುದೇ ಮನೆಗೂ ಲಾಭ, ಸೈಕಲ್ಲಿಗೂ ನ್ಯಾಯ.

ಯಾವ ಭಾಗ ಬದಲಾಗಿದೆ ಎಂದು ಹೀಗೆ ನೋಡಬಹುದು. ಸೀಟು: ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಶುರುವಾದ ಬ್ರೂಕ್ಸ್ ಕಂಪನಿಯ ಹೆಸರು ಚರ್ಮದ ಪಕ್ಕದಲ್ಲಿ ಒತ್ತಿರುತ್ತದೆ, ಹಿಂದೆ ತಗಡಿನ ಬಿಲ್ಲೆಯೂ ಇರುತ್ತದೆ. ಚರ್ಮ ಒಡೆದಿದ್ದರೂ ಅದನ್ನು ಎಸೆದು ರೆಕ್ಸಿನ್ ಸೀಟು ಹಾಕಿಸಬೇಡಿ. ಮಡ್‌ಗಾರ್ಡು, ಚೈನ್ ಕವರು: ಇವುಗಳ ಬಣ್ಣ ಚೌಕಟ್ಟಿನ ಬಣ್ಣಕ್ಕೆ ಹೊಂದುತ್ತದೆಯೇ? ಎರಡೂ ಸಮನಾಗಿ ಹಳತಾಗಿವೆಯೇ? ಕ್ರ್ಯಾಂಕು: ಎಡಬಲ ಎರಡರ ಮೇಲೂ ಒಂದೇ ಗುರುತಿದೆಯೇ? ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನಿನ ತಲೆ ಸುತ್ತಿಗೆ ಏಟಿಗೆ ಹರಡಿಕೊಂಡಿದ್ದರೆ ಅದನ್ನು ಹಲವು ಸಲ ಬಿಚ್ಚಿದ್ದಾರೆ ಎಂದರ್ಥ. ರ‍್ಯಾಲಿಯ ಸೈಕಲ್ಲಾದರೆ ಇನ್ನೊಂದು ಎಚ್ಚರ. ಬೇರೆ ಇಂಗ್ಲಿಷ್ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚು ಕೂರುವಲ್ಲಿ ಅಂಗುಲಕ್ಕೆ 24 ಎಳೆಯ ತಿರುಪು ಇದ್ದರೆ ರ‍್ಯಾಲಿಯ ಸ್ವಂತ ಮಾದರಿಗಳಲ್ಲಿ 26 ಎಳೆ. ಅಂಗಡಿಯ ಬಿಡಿಭಾಗವನ್ನು ಬಲವಂತವಾಗಿ ತಿರುಗಿಸಿದರೆ ಚೌಕಟ್ಟಿನ ಎಳೆಯೇ ಹಾಳಾಗುತ್ತದೆ.

ಚೌಕಟ್ಟು ನೆಟ್ಟಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂದಿನ ಚಕ್ರ ಕೂರುವ ಒಂದು ಪಕ್ಕದ ಕೊಕ್ಕೆಗೆ ದಾರ ಕಟ್ಟಿ, ಹ್ಯಾಂಡಲ್ಲಿನ ಕೆಳಗಿನ ಕೊಳವೆ ಸುತ್ತಿಸಿ, ಇನ್ನೊಂದು ಪಕ್ಕದ ಕೊಕ್ಕೆಗೆ ಬಿಗಿಯಿರಿ. ಸೀಟಿನ ಕೊಳವೆಯಿಂದ ಎರಡೂ ಕಡೆ ದಾರಕ್ಕಿರುವ ಅಂತರ ಸಮನಾಗಿದ್ದರೆ ಚೌಕಟ್ಟು ಸರಿಯಿದೆ. ಹ್ಯಾಂಡಲ್ಲಿನಿಂದ ಕೆಳಗಿಳಿಯುವ ಕೊಳವೆಯ ಅಡಿಭಾಗದಲ್ಲಿ, ಜಾಯಿಂಟಿನಿಂದ ತುಸು ಹಿಂದೆ, ಬೆರಳಾಡಿಸಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಉಬ್ಬಿದ್ದರೆ ಸೈಕಲ್ಲು ಎಂದೋ ಎದುರಿಗೆ ಜೋರಾಗಿ ಗುದ್ದಿದೆ.

ತುಕ್ಕನ್ನು ಕಂಡು ಹೆದರಬೇಡಿ, ಬಣ್ಣದ ಡಬ್ಬಿಗೆ ಹೆದರಿ

ಆಗುಂಬೆ, ಕಿಗ್ಗದ ಮಳೆಯ ಸೀಮೆಯಲ್ಲಿ ತುಕ್ಕು ಹಿಡಿಯದ ಕಬ್ಬಿಣವಿಲ್ಲ. ಮೇಲ್ಮೈಯ ಕೆಂಪು ತುಕ್ಕು ಬೆಲೆ ಕಳೆಯುವುದು ಸ್ವಲ್ಪ ಮಾತ್ರ. ಕೊಳವೆಯನ್ನು ಒಳಗಿನಿಂದ ತಿಂದ ತುಕ್ಕು ಅಪಾಯದ್ದು. ಸೀಟಿನ ಕಂಬಿ ಕಿತ್ತು, ಒಳಗೆ ಬ್ಯಾಟರಿ ಹಾಕಿ ನೋಡಿ. ಸೈಕಲ್ಲನ್ನು ಅಲುಗಿಸಿದಾಗ ಕೊಳವೆಯೊಳಗಿನಿಂದ ಪುಡಿ ಉದುರುವ ಸದ್ದು ಬಂದರೆ ಎಚ್ಚರ. ಅಡುಗೆಮನೆ, ಬಚ್ಚಲಿನ ಒಲೆಯ ಮೇಲಿನ ಒಣ ಅಟ್ಟದಲ್ಲಿದ್ದ ಸೈಕಲ್ಲಿಗೂ ಕೊಟ್ಟಿಗೆಯ ಗೋಡೆಗೆ ಒರಗಿ ಜಡಿಮಳೆಯ ಎರಚಲು ತಿಂದ ಸೈಕಲ್ಲಿಗೂ ಇರುವ ಅಂತರವನ್ನು ಮೊದಲ ನೋಟದಲ್ಲೇ ಕಾಣಬಹುದು.

ಮನೆಯವರು ಅಕ್ಕರೆಯಿಂದಲೇ ಮಾಡುವ ದೊಡ್ಡ ಹಾನಿ ಹೊಸ ಬಣ್ಣ. ಆ ಕಾಲದ ಕಪ್ಪು ಬಣ್ಣವನ್ನು ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುತ್ತಿದ್ದರು. ಅದರ ಮೇಲೆ ಚಿನ್ನದ ಬಣ್ಣದ ಸಣ್ಣ ಗೆರೆಗಳನ್ನು ಎಷ್ಟೋ ಸಲ ಕೈಯಿಂದಲೇ ಎಳೆಯುತ್ತಿದ್ದರು. ಸ್ಪ್ರೇ ಬಣ್ಣ ಹೊಡೆದ ಕ್ಷಣದಲ್ಲಿ ಗೆರೆ, ಕಂಪನಿಯ ಹೆಸರಿನ ಚಿತ್ರಪಟ್ಟಿ, ಮಾರಿದ ಅಂಗಡಿಯ ಚೀಟಿ ಎಲ್ಲ ಮುಚ್ಚಿಹೋಗುತ್ತವೆ. ಮಾಸಿದ, ಅಲ್ಲಲ್ಲಿ ಕಿತ್ತ ಮೂಲ ಬಣ್ಣಕ್ಕೆ ಸಂಗ್ರಾಹಕರು ಹೊಸ ಬಣ್ಣಕ್ಕಿಂತ ಹೆಚ್ಚು ಕೊಡುತ್ತಾರೆ. ಮೂಲ ಬಣ್ಣವಿರುವುದು ಒಮ್ಮೆ ಮಾತ್ರ. ಈಚೆಗೆ ಕೆಲವು ಹೋಂಸ್ಟೇಗಳ ಅಂಗಳದಲ್ಲಿ ಹಳೆಯ ಸೈಕಲ್ಲಿಗೆ ಹಳದಿ, ಗುಲಾಬಿ ಬಣ್ಣ ಬಳಿದು, ಹೂಕುಂಡ ನೇತುಹಾಕಿ ಮಳೆಯಲ್ಲಿ ನಿಲ್ಲಿಸಿರುತ್ತಾರೆ. ಹಾಗೆ ನಾಲ್ಕಾರು ಮಳೆಗಾಲ ನಿಂತ ಸೈಕಲ್ಲು ಮತ್ತೆ ಯಾವುದಕ್ಕೂ ಬಾರದು. ಅಲಂಕಾರಕ್ಕೆ ಬೇಕಾದರೆ ಮೊದಲೇ ಬಿಡಿಭಾಗ ಕಳೆದುಕೊಂಡ ಸಾಮಾನ್ಯ ಸೈಕಲ್ಲು ಧಾರಾಳ ಸಿಗುತ್ತದೆ.

ಮಾಡಬೇಕಾದ ಆರೈಕೆ ಸರಳ. ಧೂಳನ್ನು ಒಣಬಟ್ಟೆಯಿಂದ ತೆಗೆದು, ಲೋಹಕ್ಕೆ ತೆಳುವಾಗಿ ಎಣ್ಣೆಬಟ್ಟೆ ಆಡಿಸಿ. ಕ್ರೋಮಿಯಂ ಮೇಲಿನ ಸಣ್ಣ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ನೀರಲ್ಲಿ ಅದ್ದಿ ತಿಕ್ಕಿದರೆ ಸಾಕು. ನಿಕ್ಕಲ್ ಮೆತ್ತಗಿರುವುದರಿಂದ ಅದಕ್ಕೆ ಒರಟಾದ ಯಾವುದನ್ನೂ ತಾಗಿಸಬಾರದು. ಚರ್ಮದ ಸೀಟಿಗೆ ಬೂಸ್ಟು ಬಂದರೆ ಒಣಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗಿಡಿ. ಪ್ಲಾಸ್ಟಿಕ್ ಸುತ್ತಿ ಕಟ್ಟಿಡಬೇಡಿ. ಒಳಗೆ ಸಿಕ್ಕಿಬಿದ್ದ ತೇವ ಒಂದೇ ಮಳೆಗಾಲದಲ್ಲಿ ಎಲ್ಲವನ್ನೂ ತಿನ್ನುತ್ತದೆ.

ಕೆನಡಾದ ರೇಸ್ ಸೈಕಲ್ಲುಗಳಿಗೂ ಇದೇ ಅಳತೆ

ಮಲೆನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಟೊರಾಂಟೊ, ವ್ಯಾಂಕೂವರಿನಲ್ಲಿದ್ದಾರೆ. ಅಲ್ಲಿ ಹಳೆಯ ರೇಸ್ ಸೈಕಲ್ಲು ಕೊಳ್ಳುವ ಹವ್ಯಾಸ ಬೆಳೆಸಿಕೊಂಡವರಿಗೂ ಈ ನಾಲ್ಕು ಪ್ರಶ್ನೆಗಳೇ ದಾರಿ. ಇಲ್ಲಿ ಮಳೆ ಮಾಡುವ ಕೆಲಸವನ್ನು ಅಲ್ಲಿ ಚಳಿಗಾಲದ ರಸ್ತೆಗೆ ಚೆಲ್ಲುವ ಉಪ್ಪು ಮಾಡುತ್ತದೆ.

ಕೆನಡಾದ ಸೈಕಲ್ ಚರಿತ್ರೆ ಸಿಸಿಎಂನಿಂದ ಶುರುವಾಗುತ್ತದೆ. ಹಲವು ತಯಾರಕರು ಒಂದಾಗಿ 1899ರಲ್ಲಿ ಕಟ್ಟಿದ ಕಂಪನಿ ಅದು. ಕೂಡಿಕೊಂಡವರಲ್ಲಿ ಮ್ಯಾಸ್ಸಿ–ಹ್ಯಾರಿಸ್ ಕೂಡ ಒಂದು. ನಮ್ಮ ರೈತರಿಗೆ ಪರಿಚಿತವಾದ ಮ್ಯಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಮೂಲದ ಕಂಪನಿ ಅದೇ. ಸಿಸಿಎಂ ಚೌಕಟ್ಟಿನ ಸಂಖ್ಯೆಯ ಜೊತೆಗಿರುವ ಅಕ್ಷರ ಇಸವಿಯ ಸುಳಿವು ಕೊಡುತ್ತದೆ. 1970ರ ದಶಕದಲ್ಲಿ ಜಪಾನಿನ ಸೆಕಿನೆ ಕಂಪನಿ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಕಾರ್ಖಾನೆ ತೆರೆಯಿತು. ಸಾಮಾನ್ಯ ಗಿರಾಕಿಗಳಿಗೆಂದು ತಯಾರಾದ ಸೈಕಲ್ಲುಗಳು ಅವು, ಹಾಗಾಗಿ ಬೆಲೆಯೂ ಸಾಧಾರಣ. ಟೊರಾಂಟೊದಲ್ಲಿ ಮೈಕ್ ಬ್ಯಾರಿ ‘ಮಾರಿಪೋಸಾ’ ಹೆಸರಿನಲ್ಲಿ, ಮಾಂಟ್ರಿಯಲ್ ಬಳಿ ಜುಸೆಪ್ಪೆ ಮರಿನೋನಿ ತನ್ನದೇ ಹೆಸರಿನಲ್ಲಿ ಕೈಯಿಂದ ಮಾಡಿದ ಚೌಕಟ್ಟುಗಳ ಮಟ್ಟವೇ ಬೇರೆ.

ರೇಸ್ ಸೈಕಲ್ಲಿನಲ್ಲಿ ಕೊಳವೆಯ ತೆಳುವೇ ಗುಣ. ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ ‘531’ ಉಕ್ಕು, ಇಟಲಿಯ ಕೊಲಂಬಸ್ ಉಕ್ಕು ಇವಕ್ಕೆ ಹೆಸರಾದವು. ಚೌಕಟ್ಟಿನ ಚೀಟಿ ಕಿತ್ತುಹೋಗಿದ್ದರೆ ಸೀಟಿನ ಕಂಬಿಯ ಅಡ್ಡಳತೆ ನೋಡಬೇಕು. 27.2 ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ ತೆಳು ಕೊಳವೆಯ ಮೇಲ್ದರ್ಜೆಯ ಚೌಕಟ್ಟು. ಬಿಡಿಭಾಗಗಳೂ ಇಸವಿ ಹೇಳುತ್ತವೆ. ಇಟಲಿಯ ಕ್ಯಾಂಪನ್ಯೋಲೊ ಕಂಪನಿಯ ನುವೊವೊ ರೆಕಾರ್ಡ್ ಗೇರಿನ ಮೇಲೆ ಪೇಟೆಂಟ್ ಎಂಬ ಪದದ ಪಕ್ಕ ಎರಡಂಕಿಯ ಇಸವಿ ಇರುತ್ತದೆ. ಜಪಾನಿನ ಶಿಮಾನೊ ಭಾಗಗಳ ಮೇಲಿನ ಎರಡು ಅಕ್ಷರಗಳಲ್ಲಿ ಮೊದಲನೆಯದು ವರ್ಷ, ಎರಡನೆಯದು ತಿಂಗಳು. ವರ್ಷದ ಎಣಿಕೆ 1976ಕ್ಕೆ ‘ಎ’ ಎಂದು ಶುರುವಾಗುತ್ತದೆ.

ಇಷ್ಟಾದ ಮೇಲೂ ಬೆಲೆಯನ್ನು ಕೊನೆಗೆ ತೀರ್ಮಾನಿಸುವುದು ಸವಾರನ ಕಥೆ. ಮರಿನೋನಿ ಇಟಲಿಯಿಂದ ಬಂದ ದರ್ಜಿ, ಸ್ವತಃ ಸೈಕಲ್ ಪಟು. 2012ರಲ್ಲಿ, 75ನೆಯ ವಯಸ್ಸಿನಲ್ಲಿ, ಇಟಲಿಯ ಮಾಂಟಿಕಿಯಾರಿ ಊರಿನ ಸೈಕಲ್ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 35.728 ಕಿಲೋಮೀಟರ್ ಓಡಿಸಿ ತನ್ನ ವಯೋಮಾನದ ವಿಶ್ವದಾಖಲೆ ಮಾಡಿದ. ಆತ ಏರಿದ್ದು ದಶಕಗಳ ಹಿಂದೆ ಜೋಸ್ಲಿನ್ ಲೊವೆಲ್‌ಗಾಗಿ ತಾನೇ ಮಾಡಿಕೊಟ್ಟಿದ್ದ ಸೈಕಲ್ಲು. ಲೊವೆಲ್ 1978ರ ಎಡ್ಮಂಟನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮೂರು ಚಿನ್ನ ಗೆದ್ದವನು. 1983ರಲ್ಲಿ ಸೈಕಲ್ ಓಡಿಸುತ್ತಿದ್ದಾಗ ಟ್ರಕ್ಕು ಬಡಿದು ಕೈಕಾಲಿನ ಸ್ವಾಧೀನ ಕಳೆದುಕೊಂಡ. ಅದೇ ಕೊಳವೆ, ಅದೇ ಬೆಸುಗೆಯ ಇನ್ನೊಂದು ಮರಿನೋನಿ ಪಕ್ಕದಲ್ಲಿಟ್ಟರೂ ಆ ಸೈಕಲ್ಲಿಗೆ ಸಾಟಿಯಾಗದು. ಅದನ್ನು ಯಾರು ಓಡಿಸಿದರು ಎಂಬುದು ದಾಖಲಾಗಿದೆ.

ಅಜ್ಜಯ್ಯನ ಸವಾರಿಗೂ ದಾಖಲೆ ಬೇಕು

ನಮ್ಮ ಅಂಚೆಯವರು, ಮೇಷ್ಟ್ರುಗಳು ಪದಕ ಗೆದ್ದವರಲ್ಲ. ಆದರೂ ಅವರ ಸೈಕಲ್ಲಿಗೆ ಇರಬೇಕಾದ ದಾಖಲೆ ಮನೆಯಲ್ಲೇ ಚದುರಿ ಬಿದ್ದಿರುತ್ತದೆ. ಒಂದು ಕಾಲದಲ್ಲಿ ಪುರಸಭೆ, ಪಂಚಾಯಿತಿಗಳು ಸೈಕಲ್ಲಿಗೂ ವರ್ಷವರ್ಷ ತೆರಿಗೆ ವಸೂಲು ಮಾಡಿ ಲೋಹದ ಬಿಲ್ಲೆ ಕೊಡುತ್ತಿದ್ದವು. ಅದು ಮುಂದಿನ ಅಚ್ಚಿನ ಬಳಿಯೋ ಹ್ಯಾಂಡಲ್ಲಿನ ಬಳಿಯೋ ಇನ್ನೂ ತೂಗುತ್ತಿರಬಹುದು. ಅದನ್ನು ಕೀಳಬೇಡಿ. ಸೈಕಲ್ಲು ಯಾವ ಊರಿನಲ್ಲಿ, ಯಾವ ವರ್ಷ ಓಡಾಡಿತು ಎಂಬುದಕ್ಕೆ ಅದು ಸರ್ಕಾರಿ ಸಾಕ್ಷಿ. ಮನೆಯ ಲೆಕ್ಕದ ಪುಸ್ತಕದಲ್ಲಿ ಸೈಕಲ್ ಕೊಂಡ ದಿನದ ಖರ್ಚು ಬರೆದಿರಬಹುದು. ಅಂಗಡಿಯ ರಸೀದಿ, ಸೈಕಲ್ ಹಿಡಿದು ನಿಂತ ಫೋಟೊ, ಮದುವೆಯ ಉಡುಗೊರೆ ಪಟ್ಟಿ, ಏನೇ ಸಿಕ್ಕರೂ ಒಂದು ಲಕೋಟೆಯಲ್ಲಿ ಹಾಕಿ ಸೈಕಲ್ಲಿನ ಜೊತೆಗಿಡಿ. ಸೈಕಲ್ಲು ಇನ್ನೊಬ್ಬರ ಕೈಗೆ ಹೋದರೆ ಲಕೋಟೆಯೂ ಹೋಗಲಿ.

ಹೊರದೇಶಕ್ಕೆ ಒಯ್ಯುವ ಯೋಚನೆಯಿದ್ದರೆ ಕಾನೂನು ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಅವುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ನಿಕ್ಕಲ್ ಕಾಲದ ಸೈಕಲ್ಲುಗಳು ಈಗ ಆ ನೂರರ ಗೆರೆಯ ಬಳಿ ಬಂದು ನಿಂತಿವೆ. ಸಂದೇಹವಿದ್ದರೆ, ವಸ್ತು ಪ್ರಾಚ್ಯವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಬೇಕು.

ಮಾರಲೇಬೇಕೆಂದರೆ ತಪ್ಪೇನಿಲ್ಲ. ಅಟ್ಟದಲ್ಲಿ ಕರಗುವುದಕ್ಕಿಂತ ಕಾಪಾಡುವವರ ಕೈ ಸೇರುವುದು ಮೇಲು. ಅವಸರ ಮಾತ್ರ ಬೇಡ. ಒಬ್ಬರಿಗಿಂತ ಹೆಚ್ಚು ಸಂಗ್ರಾಹಕರಿಗೆ ತೋರಿಸಿ, ಅಂಥದ್ದೇ ಸೈಕಲ್ಲು ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂದು ವಿಚಾರಿಸಿ. ಕೇಳುವ ಬೆಲೆಗೂ ಕೈಗೆ ಬಂದ ಬೆಲೆಗೂ ಬಹಳ ಅಂತರವಿರುತ್ತದೆ. ಪುಣೆಯ ಕರ್ವೆ ನಗರದಲ್ಲಿ ವಿಕ್ರಮ್ ಪೆಂಡ್ಸೆ ತಮ್ಮ ಸಂಗ್ರಹವನ್ನೇ ಸೈಕಲ್ ವಸ್ತುಸಂಗ್ರಹಾಲಯ ಮಾಡಿದ್ದಾರೆ. ನಮ್ಮ ಪಕ್ಕದ ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳು ಜೋಪಾನವಾಗಿವೆ. ಮಲೆನಾಡಿನ ಸೈಕಲ್ಲುಗಳಿಗೂ ತಾಲ್ಲೂಕು ಕೇಂದ್ರದ ಒಂದು ಶಾಲೆಯಲ್ಲೋ ಗ್ರಂಥಾಲಯದಲ್ಲೋ ಒಣಗಿದ ಒಂದು ಕೋಣೆ ಸಿಕ್ಕರೆ ಸಾಕು. ನಾಲ್ಕಾರು ಮನೆಗಳವರು ಒಟ್ಟಾದರೆ ಆಗುವ ಕೆಲಸ.

ಹೆಸರು, ಇಸವಿ, ಬಿಡಿಭಾಗಗಳ ಪರೀಕ್ಷೆಯನ್ನು ಇನ್ನು ಐವತ್ತು ವರ್ಷ ಕಳೆದ ಮೇಲೂ ಯಾರಾದರೂ ಮಾಡಬಹುದು. ಉಕ್ಕಿನ ಮೇಲಿನ ಅಕ್ಷರ ಅಷ್ಟು ಕಾಲ ಕಾಯುತ್ತದೆ. ಎಂಬತ್ತು, ತೊಂಬತ್ತು ದಾಟಿದ ಹಿರಿಯರ ನೆನಪು ಕಾಯುವುದಿಲ್ಲ. ಯಾರಿಂದ ಕೊಂಡದ್ದು, ದಿನಕ್ಕೆ ಎಷ್ಟು ದೂರ ಹೋಗುತ್ತಿದ್ದದ್ದು, ಹೊಳೆ ಬಂದಾಗ ಹೇಗೆ ದಾಟಿಸುತ್ತಿದ್ದದ್ದು, ಕ್ಯಾರಿಯರಿನ ಮೇಲೆ ಯಾರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಓಡಿದ್ದು ಎಂದು ಈ ವಾರವೇ ಅವರನ್ನು ಕೂರಿಸಿಕೊಂಡು ಕೇಳಿ. ಫೋನಿನಲ್ಲಿ ಅವರ ದನಿ ಹಿಡಿದಿಡಿ, ಒಂದು ಹಾಳೆಯಲ್ಲಿ ಬರೆದು ಕೆಳಗೆ ಅವರ ಸಹಿ ಹಾಕಿಸಿ. ಸಂಗ್ರಾಹಕನಿಗೆ ಆ ಹಾಳೆಯಿಂದ ಸೈಕಲ್ಲಿನ ಬೆಲೆ ಹೆಚ್ಚುತ್ತದೆ. ಮಾರದೆ ಉಳಿಸಿಕೊಂಡ ಮನೆಯ ಮೊಮ್ಮಕ್ಕಳಿಗೆ ರಸ್ತೆ, ಸೇತುವೆ ಇಲ್ಲದ ಕಾಲದಲ್ಲಿ ತಮ್ಮವರು ಈ ಸೀಮೆಯಲ್ಲಿ ಹೇಗೆ ಬದುಕು ಕಟ್ಟಿದರು ಎಂಬುದು ಅದರಿಂದಲೇ ತಿಳಿಯುತ್ತದೆ.